ಕಾಶಪ್ಪ ವಿಮರ್ಶಕನಾದದ್ದು

ಇಳಕಲ್ಲಿನ ಬಸ್ ನಿಲ್ದಾಣದ ಎದುರಿಗೆ ಪತ್ರಿಕೆ ಮಾರುತ್ತಿದ್ದ ಕಾಶಪ್ಪನಿಗೆ ಜೀವನದಲ್ಲಿ ಒಂದೇ ಒಂದು ಸಿದ್ಧಾಂತವಿತ್ತು. ಅಚ್ಚಾದದ್ದೆಲ್ಲ ಖರೆ, ಅಚ್ಚಾಗದೆ ಉಳಿದದ್ದರ ಮೇಲೆ ಒಂದು ಕಣ್ಣಿಡಬೇಕು. ತಮ್ಮ ಮದುವೆಯ ಸುದ್ದಿ ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲವಾದ್ದರಿಂದ ಗಂಡನಿಗೆ ಅದರ ಬಗ್ಗೆಯೂ ಆಗಾಗ ಸಂಶಯ ಬರುತ್ತದೆ ಎಂದು ಹೆಂಡತಿ ಸಂಗವ್ವ ಓಣಿಯವರ ಮುಂದೆ ಹೇಳುತ್ತಿದ್ದಳು.

ಪತ್ರಿಕೆ ಮಾರುವುದರ ಜೊತೆಗೆ ಅವನು ಬಾಗಲಕೋಟೆಯಿಂದ ಹೊರಡುವ ಒಂದು ವಾರಪತ್ರಿಕೆಗೆ ಇಳಕಲ್ಲಿನ ಬಾತ್ಮೀದಾರನೂ ಆಗಿದ್ದ. ಊರಲ್ಲಿ ಏನಾದರೂ ಆದರೆ ಬರೆದು ಕಳಿಸಬೇಕು. ಏನೂ ಆಗದಿದ್ದರೂ ಕಾಶಪ್ಪ ಬಿಡುತ್ತಿರಲಿಲ್ಲ. ‘ಹುನಗುಂದದ ಹತ್ತಿರ ಬಸ್ಸಿಗೆ ಎಮ್ಮೆ ಅಡ್ಡ ಬಂದರೂ ಯಾವುದೇ ಅಪಘಾತ ಸಂಭವಿಸಲಿಲ್ಲ’ ಎಂಬ ಅವನ ಸುದ್ದಿಯನ್ನು ಸಂಪಾದಕರು ಪುಟದಲ್ಲಿ ಜಾಗ ಉಳಿದಿದ್ದರಿಂದ ಹಾಕಿದರು. ಬರವಣಿಗೆಯ ತೂಕ ನೋಡಿ ಹಾಕಿದರು ಎಂದು ಕಾಶಪ್ಪ ತಿಳಿದ. ಎಮ್ಮೆಯ ಮಾಲೀಕ ಒಂದು ಪ್ರತಿ ಕೊಂಡು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲಂತೂ ಅವನ ನಡಿಗೆಯೇ ಬದಲಾಯಿತು.

ಇಂಥವನ ಬಳಿಗೆ, ಎಂಬತ್ತೆರಡನೆಯ ಇಸವಿಯ ಚಳಿಗಾಲದ ಒಂದು ಬೆಳಿಗ್ಗೆ, ಮೀರಾಸಾಬ ಬಂದ. ಮೀರಾಸಾಬ ದರ್ಜಿ. ಹಗಲೆಲ್ಲ ಜಂಪರು ಹೊಲಿಯುತ್ತಿದ್ದ, ಹೊಲಿಯುತ್ತಲೇ ಮನಸ್ಸಿನಲ್ಲಿ ನಾಟಕ ಕಟ್ಟುತ್ತಿದ್ದ. ನಾಯಕ ಸಾಯುವ ದೃಶ್ಯ ಹೊಳೆದ ದಿನ ಊರಿನ ಯಾವಳೋ ಪುಣ್ಯಾತ್ಗಿತ್ತಿಯ ಜಂಪರಿಗೆ ಒಂದೇ ತೋಳು ಬರುತ್ತಿತ್ತು. ಆದರೂ ಅವನ ನಾಟಕಗಳೆಂದರೆ ಊರಿಗೆ ಪ್ರೀತಿ. ಜಂಪರಿನ ತೋಳನ್ನು ಅವನೇ ಮತ್ತೆ ಹಚ್ಚಿಕೊಡುತ್ತಿದ್ದ.

“ಕಾಶಪ್ಪಾರ, ಈ ಶನಿವಾರ ನಮ್ಮ ಹೊಸ ನಾಟಕ ಐತ್ರಿ. ‘ಮಾರಿ ನೋಡಿ ಹಿಡಿ’ ಅಂತ. ನೀವು ಬಂದು ಪೇಪರಿನ್ಯಾಗ ನಾಕ ಸಾಲು ವಿಮರ್ಶಾ ಬರೀಬೇಕು,” ಎಂದ ಮೀರಾಸಾಬ. “ಧಾರವಾಡದಾಗ ಒಮ್ಮಿ ಆಡಬೇಕಂತ ಭಾಳ ವರ್ಷದ ಆಸೆ. ಅಲ್ಲಿಯ ಮಂದಿ ‘ನಿಮ್ಮ ನಾಟಕದ ಮ್ಯಾಲ ಯಾರರ ಏನರ ಬರದಾರೇನು?’ ಅಂತ ಕೇಳತಾರ.”

ವಿಮರ್ಶೆ ಎಂಬುದನ್ನು ಕಾಶಪ್ಪ ಜನ್ಮದಲ್ಲಿ ಬರೆದಿರಲಿಲ್ಲ. ಆದರೆ ಕೇಳಿದ್ದನ್ನು ಇಲ್ಲವೆನ್ನುವ ಸ್ವಭಾವ ಅವನದಲ್ಲ.

“ಬರದೇನು. ಆದ್ರ ಮೀರಾಸಾಬ್ರ, ನಾ ಯಾರ ಮುಲಾಜೂ ಇಟಗೊಳ್ಳಾಂವ ಅಲ್ಲ.”

“ಅದಕ್ಕ ನಿಮ್ಮ ಕಡೆ ಬಂದೇನ್ರಿ,” ಎಂದ ಮೀರಾಸಾಬ. ಊರಿನಲ್ಲಿ ಬೇರೆ ಬಾತ್ಮೀದಾರ ಇರಲಿಲ್ಲ ಎಂಬುದನ್ನು ಹೇಳಲಿಲ್ಲ.

ಶನಿವಾರ ನೇಕಾರರ ಸಭಾಗೃಹದಲ್ಲಿ ಮುಂದಿನ ಸಾಲಿನ ನಡುವೆ ಒಂದು ಕುರ್ಚಿ ಹಾಕಿ, ಬೆನ್ನಿಗೆ ‘ವಿಮರ್ಶಕರು’ ಎಂಬ ಚೀಟಿ ಅಂಟಿಸಿದ್ದರು. ಆ ಕುರ್ಚಿಯ ಮೇಲೆ ಕೂತದ್ದೇ ಕಾಶಪ್ಪನ ಮೇಲೆ ಏನೋ ಆವೇಶವಾಯಿತು. ವಿಮರ್ಶಕನೆಂದರೆ ಬರೆಯುವವನು ತಾನೆ? ಪರದೆ ಎದ್ದಾಗ ತಲೆ ತಗ್ಗಿಸಿ ಬರೆಯಲು ಶುರುಮಾಡಿದವನು ಪರದೆ ಬಿದ್ದ ಮೇಲೆಯೇ ತಲೆ ಎತ್ತಿದ. ನಾಟಕದ ಒಂದೊಂದು ಮಾತನ್ನೂ ಕೇಳಿದ. ನಾಟಕವನ್ನು ಮಾತ್ರ ನೋಡಲಿಲ್ಲ.

ನೋಡಬೇಕಾಗಿತ್ತು. ಕಥೆ ಹೀಗಿತ್ತು: ಇಳಕಲ್ಲ ಸೀರೆಗೆ ಸೆರಗು ಕೂಡಿಸುವ ಗುಟ್ಟನ್ನು ಕದಿಯಲು ಪರದೇಶದ ಗೂಢಚಾರನೊಬ್ಬ ಬರುತ್ತಾನೆ. ಅವನನ್ನು ಹಿಡಿಯಲು ದಿಲ್ಲಿಯಿಂದ ಒಬ್ಬ ಸಿಐಡಿ ಬರುತ್ತಾನೆ. ಸಿಐಡಿಗೆ ಸಾಕ್ಷಿ ಪುರಾವೆ ಬೇಕಿಲ್ಲ, ಮಾರಿ, ಅಂದರೆ ಮುಖ, ನೋಡಿದರೆ ಸಾಕು. “ಬೆಳ್ಳಗಿದ್ದಾಂವ ಸಭ್ಯಸ್ಥ! ಕರ್ರಗಿದ್ದಾಂವ ಕಳ್ಳ! ಸಣ್ಣ ಕಣ್ಣಿನಾಂವ ಚೀನಾದಾಂವ! ಗುಂಗರ ಕೂದಲಿನಾಂವ ಆಫ್ರಿಕಾದಾಂವ!” ಎಂದು ಘೋಷಿಸಿ ಅವನು ನೇಪಾಳದ ಕಾವಲುಗಾರನನ್ನು, ಬಳೆಗಾರನನ್ನು, ಕೊನೆಗೆ ಸ್ವಂತ ಮಾವನನ್ನು ಹಿಡಿದು ಹಾಕುತ್ತಾನೆ. ಸೂಟು ಹಾಕಿದ ಬೆಳ್ಳನೆಯ ನಿಜವಾದ ಗೂಢಚಾರನಿಗೆ ಸಲಾಮು ಹೊಡೆದು, ಅವನ ಪೆಟ್ಟಿಗೆಯನ್ನು ತಾನೇ ಹೊತ್ತು ಬಸ್ಸಿಗೆ ಏರಿಸುತ್ತಾನೆ. ಈ ಸಿಐಡಿಯ ಪಾತ್ರವನ್ನು ಅಡತಿ ಅಂಗಡಿಯ ಹಮಾಲ ಬಂಡೆಪ್ಪನಿಗೆ ಕೊಟ್ಟದ್ದೇ ಮೀರಾಸಾಬನ ಚಾತುರ್ಯ. ಬಂಡೆಪ್ಪನ ಬಣ್ಣ ಶುದ್ಧ ಎರೆಮಣ್ಣಿನದು. ಅವನು ಮೀಸೆ ತಿರುವಿ “ಕರ್ರಗಿದ್ದಾಂವ ಕಳ್ಳ!” ಎಂದಾಗಲೆಲ್ಲ ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

ಜನ ಯಾಕೆ ನಗುತ್ತಿದ್ದಾರೆಂದು ತಿಳಿಯದ ಕಾಶಪ್ಪ, ಬರೆಯುತ್ತ ಬರೆಯುತ್ತ ಹಲ್ಲು ಕಡಿದ.

ಮುಂದಿನ ವಾರ ವಿಮರ್ಶೆ ಅಚ್ಚಾಗಿ ಬಂತು. ಅದರ ಮುಖ್ಯ ಭಾಗ ಇದು: ‘ದೇಶದ ಭದ್ರತೆಯನ್ನು ಕುರಿತು ಇಷ್ಟು ಗಂಭೀರವಾದ ನಾಟಕ ನಮ್ಮ ಭಾಗದಲ್ಲಿ ಈವರೆಗೆ ಬಂದಿಲ್ಲ. ಸಿಐಡಿಯವರು ತಿಳಿಸಿದ ಗೂಢಚಾರರ ಲಕ್ಷಣಗಳನ್ನು ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸತಕ್ಕದ್ದು. ಅವರು ತಮ್ಮ ಸ್ವಂತ ಮಾವನನ್ನೂ ಬಿಡದೆ ಬಂಧಿಸಿದ್ದು ಇಂದಿನ ಅಳಿಯಂದಿರಿಗೆ ಆದರ್ಶಪ್ರಾಯವಾಗಿದೆ. ದುರ್ದೈವದಿಂದ ಪ್ರೇಕ್ಷಕರು ಮೊದಲಿನಿಂದ ಕೊನೆಯವರೆಗೂ ನಕ್ಕು ನಾಟಕದ ಗಾಂಭೀರ್ಯವನ್ನು ಹಾಳುಮಾಡಿದರು. ಮುಂದಿನ ಪ್ರಯೋಗದಲ್ಲಿ ನಗುವವರನ್ನು ಗುರುತಿಸಿ ಹೊರಗೆ ಹಾಕಬೇಕೆಂದು ವ್ಯವಸ್ಥಾಪಕರಲ್ಲಿ ವಿನಂತಿ.’

ಮೀರಾಸಾಬ ಇದನ್ನು ಹೊಲಿಗೆ ಯಂತ್ರದ ಮುಂದೆ ಕೂತು ಓದಿದ. ಮೊದಲು ಅವನ ಮುಖ ಬಿಳಿಚಿತು. ಎರಡನೆಯ ಸಲ ಓದಿದಾಗ ತುಟಿ ಅದುರಿತು. ಎದ್ದು ಓಡುತ್ತ ಪತ್ರಿಕೆಯ ಅಂಗಡಿಗೆ ಬಂದ.

“ಕಾಶಪ್ಪಾರ, ಇದನ್ನ ಚಾಷ್ಟಿಗೆ, ನಗಸಾಕಂತ ಬರದೀರಿ, ಹೌದಲ್ರಿ?”

“ದೇಶದ ವಿಷಯದಾಗ ಚಾಷ್ಟಿ?” ಎಂದ ಕಾಶಪ್ಪ. “ನೀವ ಹಿಂಗ ಕೇಳಿದ್ರ ಉಳದ ಮಂದಿ ಗತಿ ಏನ್ರಿ?”

ಆ ಮುಖ ನೋಡಿ ಮೀರಾಸಾಬನಿಗೆ ತಡೆಯಲಾಗಲಿಲ್ಲ. ಬಸ್ ನಿಲ್ದಾಣದ ಕಂಬ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಯಪ್ಪಾ, ನಾ ಬರದದ್ದು ನಾಟಕ ಅಲ್ರಿ. ನೀವು ಬರದದ್ದು ನಾಟಕ!” ಎಂದು ಕೈ ಮುಗಿದು ಹೋದ. ಹೊಗಳಿಕೆ ಎಂದು ತಿಳಿದು ಕಾಶಪ್ಪನೂ ಕೈ ಮುಗಿದ.

ಅಲ್ಲಿಂದ ಅವನ ಕೀರ್ತಿ ಊರೂರು ಹಬ್ಬಿತು. ಸಂಪಾದಕರು ಆ ಲೇಖನವನ್ನು ‘ವಿನೋದ’ ಎಂಬ ತಲೆಬರಹದ ಕೆಳಗೆ ಹಾಕಿದ್ದರು. ವಿನೋದ ಎಂಬುವನು ಆ ಪುಟವನ್ನು ನೋಡಿಕೊಳ್ಳುವ ಉಪಸಂಪಾದಕ ಇರಬೇಕೆಂದು ಕಾಶಪ್ಪ ಭಾವಿಸಿದ. ಹುನಗುಂದದ ಕಚೇರಿಯ ಅವಲ್ ಕಾರಕೂನ ಬಸ್ಸಿನಿಂದ ಇಳಿದು ಕೈ ಕುಲುಕಿ, “ಮಾರಿ ಗಂಟ ಹಾಕ್ಕೊಂಡು ಮಂದೀನ ನಗಸೂದು ಅಂದ್ರ ಇದ ನೋಡ್ರಿ!” ಎಂದ. ಬಾದಾಮಿಯವರು ವಿಮರ್ಶೆ ಓದಿಯೇ ನಾಟಕವನ್ನು ಕರೆಸಿದರು. ಅಲ್ಲಿ ಜನ “ನಗಬ್ಯಾಡ್ರಿ, ಕಾಶಪ್ಪಾರು ಹೊರಗ ಹಾಕ್ತಾರ!” ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಇನ್ನಷ್ಟು ನಕ್ಕರು.

ಕಾಶಪ್ಪ ಒಂದು ಜುಬ್ಬಾ ಹೊಲಿಸಿದ, ಹೆಗಲಿಗೆ ಚೀಲ ಹಾಕಿದ, ಚಹಾದ ಅಂಗಡಿಯಲ್ಲಿ ಭಜಿಯ ಬಗ್ಗೆಯೂ ವಿಮರ್ಶೆ ಹೇಳತೊಡಗಿದ. ತಾನು ಹೇಳಿದ್ದಕ್ಕೆಲ್ಲ ಜನ ಸಂತೋಷದಿಂದ ನಗುವುದನ್ನು ಕಂಡು, ಸತ್ಯ ಹೇಳಿದರೆ ಜನಕ್ಕೆ ಆನಂದವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದ. ಊರಲ್ಲಿ ನಗದೆ ಉಳಿದವಳು ಸಂಗವ್ವ ಒಬ್ಬಳೇ. ಅವಳಿಗೆ ಗಂಡ ಗೊತ್ತಿದ್ದ.

ಇಳಕಲ್ಲಿನಲ್ಲಿ ನಾಟಕದ ಎರಡನೆಯ ಪ್ರಯೋಗ ನಿಗದಿಯಾಯಿತು. ಪ್ರಯೋಗದ ದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸಿನಿಂದ ಎತ್ತರದ ಒಬ್ಬ ತರುಣ ಇಳಿದ. ದಟ್ಟ ಕಪ್ಪು ಬಣ್ಣ, ಒತ್ತಾದ ಗುಂಗುರು ಕೂದಲು, ಕಂಕುಳಲ್ಲಿ ಚೀಲ. ನೇರವಾಗಿ ಪತ್ರಿಕೆಯ ಅಂಗಡಿಗೆ ಬಂದ.

ಇಳಕಲ್ಲಿಗೆ ಪರದೇಶದವರು ಹೊಸಬರಲ್ಲ. ಬಾದಾಮಿ, ಪಟ್ಟದಕಲ್ಲು ನೋಡಲು ಬಂದವರು ಸೀರೆಗಾಗಿ ಇಲ್ಲಿಗೂ ಬರುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ಕಾಶಪ್ಪ ಕನ್ನಡದಲ್ಲಿ ಹೇಳುತ್ತಿದ್ದ, ಇಬ್ಬರೂ ತೃಪ್ತಿಯಿಂದ ಬೇರೆಯಾಗುತ್ತಿದ್ದರು. ಆದರೆ ಈ ಮನುಷ್ಯ ಬಾಯಿ ತೆರೆದದ್ದೇ ಕಾಶಪ್ಪನ ಕೈಯಲ್ಲಿದ್ದ ಪತ್ರಿಕೆಗಳು ಜಾರಿ ಬಿದ್ದವು.

“ನಮಸ್ಕಾರ್ರಿ ಯಜಮಾನ್ರ. ಕಾಶಪ್ಪಾರು ಅಂದ್ರ ನೀವ ಏನ್ರಿ?”

“ಹೌ… ಹೌದು.”

“ಯಪ್ಪಾ, ನಿಮ್ಮನ್ನ ನೋಡಬೇಕಂತ ಭಾಳ ಇತ್ತು ನೋಡ್ರಿ! ನಿಮ್ಮ ವಿಮರ್ಶಾ ಓದೇನಿ. ನಗೂ ಮಂದೀನ ಹೊರಗ ಹಾಕ್ರಿ ಅಂತ ಬರದೀರಲ್ಲ, ಅಲ್ಲಿ ನಾ ಕುರ್ಚಿ ಮ್ಯಾಲಿಂದ ಬಿದ್ದೆ.”

“ಪೆಟ್ಟ ಆತೇನು?” ಎಂದು ಕಾಶಪ್ಪ ಕಾಳಜಿಯಿಂದ ಕೇಳಿದ.

ತರುಣ ತೊಡೆ ಬಡಿದುಕೊಂಡು ನಕ್ಕ. “ಮಂದಿ ಹೇಳಿದ್ದು ಖರೆ ಬಿಡ್ರಿ. ಮಾರಿ ಮ್ಯಾಲ ಒಂದ ಗೆರಿ ಅಳ್ಳಾಡಂಗಿಲ್ಲ ನಿಮ್ಮದು!”

“ನಿಮ್ಮ ಹೆಸರು?”

“ಒಟಿಯೆನೊ ಅಂತ್ರಿ. ನಮ್ಮದು ಕೀನ್ಯಾ ದೇಶ. ಓದಾಕ ಬಂದು ಧಾರವಾಡದಾಗ ಭಾಳ ವರ್ಷ ಆತು. ಅಲ್ಲಿ ಎಲ್ಲಾರೂ ಒಟ್ಟೆಣ್ಣವರ ಅಂತಾರ. ಸಂಜಿಕ ಮೀರಾಸಾಬರ ನಾಟಕ ನೋಡಬೇಕು. ಅದಕ್ಕಿಂತ ಮೊದಲ ಒಂದು ಮಗ್ಗ ನೋಡಬೇಕಾಗಿತ್ತು. ಆ ಸೆರಗು ಕೂಡಸೂ ಗುಟ್ಟು ಐತಂತಲ್ಲ, ಅದು ಹೆಂಗ್ರಿ?”

ಕಾಶಪ್ಪ ಮನಸ್ಸಿನಲ್ಲೇ ಲಕ್ಷಣಗಳನ್ನು ಎಣಿಸಿದ. ಬಣ್ಣ ಕಪ್ಪು. ಕೂದಲು ಗುಂಗುರು. ಹೆಸರು ಎರಡು. ಕೇಳುತ್ತಿರುವುದು ಸೆರಗಿನ ಗುಟ್ಟು. ಅದೂ ಕನ್ನಡದಲ್ಲಿ! ಒಂದೂ ಲಕ್ಷಣ ಕಡಿಮೆ ಇರಲಿಲ್ಲ; ಮೇಲಾಗಿ ಒಂದು ಹೆಚ್ಚೇ ಇತ್ತು. ನಾಟಕದಲ್ಲಿ ಹೇಳಿದ್ದು ಕಣ್ಣ ಮುಂದೆ ಬಂದು ನಿಂತಿತ್ತು.

“ನೀವು ಇಲ್ಲೆ ಕುಂದರ್ರಿ. ಪೇಪರ ನೋಡಕೋರಿ. ಈಗ ಬಂದೆ,” ಎಂದು ಹೇಳಿ ಅವನು ಪೊಲೀಸು ಠಾಣೆಯತ್ತ ಓಡಿದ. ಗೂಢಚಾರನನ್ನು ತನ್ನ ಅಂಗಡಿಯ ಕಾವಲಿಗೆ ಕೂರಿಸಿ ಠಾಣೆಗೆ ಓಡಿದ ಮೊದಲ ದೇಶಭಕ್ತ ಬಹುಶಃ ಅವನೇ.

ಠಾಣೆಯಲ್ಲಿ ಹವಾಲ್ದಾರ ಅಮಸಿದ್ದಪ್ಪ ಚಹಾ ಕುಡಿಯುತ್ತಿದ್ದ.

“ಹವಾಲ್ದಾರ್ರ, ಗೂಢಚಾರ ಸಿಕ್ಕಾನ್ರಿ!”

“ಹೌದ? ಮಾರಿ ನೋಡಿದ್ರೇನು?” ಎಂದ ಅಮಸಿದ್ದಪ್ಪ, ಆಗಲೇ ನಗು ತುಂಬಿಕೊಂಡು.

“ನೋಡಿದೆ. ಕರ್ರಗದಾನ. ಗುಂಗರ ಕೂದಲಾ. ಸೆರಗಿನ ಗುಟ್ಟು ಕೇಳಾಕತ್ತಾನ!”

ಅಮಸಿದ್ದಪ್ಪನ ಚಹಾ ಮೂಗಿನಿಂದ ಹೊರಗೆ ಬಂತು. ಕೆಮ್ಮುತ್ತ ಒಳಗಿನವರನ್ನು ಕೂಗಿದ: “ಲೇ, ಬರ್ರಿಲ್ಲೆ! ಕಾಶಪ್ಪಾರು ಬಂದಾರ! ಇನ್ನೊಮ್ಮಿ ಹೇಳ್ರಿ ಕಾಶಪ್ಪಾರ, ಮೊದಲಿಂದ ಹೇಳ್ರಿ.”

ಠಾಣೆಯ ಸಿಬ್ಬಂದಿಯೆಲ್ಲ ಸುತ್ತ ನಿಂತಿತು. ಕಾಶಪ್ಪ ಮೊದಲಿನಿಂದ ಹೇಳಿದ. ಗೋಡೆಗೆ ಒರಗಿ ನಕ್ಕವರು ಕೆಲವರು, ನೆಲಕ್ಕೆ ಕೂತು ನಕ್ಕವರು ಕೆಲವರು.

“ಖರೇನ ಹೇಳಾಕತ್ತೇನ್ರಿ! ಅಲ್ಲೆ ಅಂಗಡ್ಯಾಗ ಕುಂತಾನ!”

“ಹಾಂ, ಹಾಂ, ಆ ಮಾರಿ! ಈಗ ಮಾಡಿದ್ರಲ್ಲ, ಆ ಮಾರಿ ಇನ್ನೊಮ್ಮಿ ಮಾಡ್ರಿ.”

“ನಾ ಏನೂ ಮಾಡಿಲ್ರಿ. ನನ್ನ ಮಾರೀನ ಹಿಂಗ ಐತಿ!”

ಇಷ್ಟಾದ ಮೇಲೆ ಅಮಸಿದ್ದಪ್ಪ ಹೊಟ್ಟೆ ಹಿಡಿದುಕೊಂಡು, “ಸಾಕ್ರಿ, ಸಾಕು. ಡ್ಯೂಟಿ ಐತಿ,” ಎಂದು ಅವನನ್ನು ಪ್ರೀತಿಯಿಂದ ಬಾಗಿಲವರೆಗೆ ಕಳಿಸಿಕೊಟ್ಟ.

ದೇಶದ ಭಾರವೆಲ್ಲ ತನ್ನೊಬ್ಬನ ಮೇಲೆಯೇ ಬಿದ್ದಿದೆ ಎಂದು ಕಾಶಪ್ಪನಿಗೆ ಮನವರಿಕೆಯಾಯಿತು. ಹಿಂತಿರುಗಿ ಬಂದು ನೋಡಿದರೆ ಅಂಗಡಿಯ ಮುಂದೆ ಗುಂಪು. ಒಟಿಯೆನೊ ಸುದ್ದಿಗಳನ್ನು ಓದಿ ಹೇಳುತ್ತ ಪತ್ರಿಕೆಗಳನ್ನೆಲ್ಲ ಮಾರಿ ಮುಗಿಸಿದ್ದ.

“ಊಟಕ್ಕ ನಮ್ಮ ಮನಿಗೆ ನಡೀರಿ,” ಎಂದ ಕಾಶಪ್ಪ. ನಾಟಕದ ಸಿಐಡಿ ಹಾಗೆ ಮಾಡಿರಲಿಲ್ಲ. ಇದು ಅವನ ಸ್ವಂತ ಉಪಾಯ.

ಮನೆಯಲ್ಲಿ ಬಚ್ಚಲಿಗೆ ಕರೆದೊಯ್ದು ಬಿಳಿ ಟವೆಲ್ಲು ಕೊಟ್ಟು, “ಮಾರಿ ಚಂದಾಗಿ ತಿಕ್ಕಿ ತೊಳಕೋರಿ,” ಎಂದ. ಇಷ್ಟು ಚೆನ್ನಾಗಿ ಕನ್ನಡ ಆಡುವವನು ಆಫ್ರಿಕಾದವನಾಗಿರಲು ಹೇಗೆ ಸಾಧ್ಯ, ಬಣ್ಣ ಬಳಿದುಕೊಂಡ ಬೇರೆ ಯಾರೋ ಇರಬೇಕು ಎಂಬ ಹೊಸ ಸಂಶಯ ದಾರಿಯಲ್ಲಿ ಹುಟ್ಟಿತ್ತು. ಅತಿಥಿ ಮುಖ ತೊಳೆದು ಮನೆಯೊಳಗೆ ಹೋದದ್ದೇ ಬಚ್ಚಲಿನ ನೀರು ನೋಡಿದ. ನೀರು ನೀರಾಗಿಯೇ ಇತ್ತು. ಟವೆಲ್ಲನ್ನು ಬೆಳಕಿಗೆ ಹಿಡಿದು ನೋಡಿದ. ಅದು ಮನೆಯ ಬೇರೆ ಟವೆಲ್ಲುಗಳಿಗಿಂತ ಬೆಳ್ಳಗಿತ್ತು.

“ಏನ ನೋಡಾಕತ್ತೀರಿ?” ಎಂದಳು ಸಂಗವ್ವ.

“ಸುಮ್ಮನಿರು. ಅಂವ ಗೂಢಚಾರ ಅದಾನ,” ಎಂದು ಪಿಸುಗುಟ್ಟಿದ.

ಸಂಗವ್ವ ಒಳಗೆ ಇಣುಕಿ ನೋಡಿದಳು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಹುಡುಗ ಅವಳನ್ನು ಕಂಡು ಕೈ ಮುಗಿದ. “ಯಾರರ ಆಗ್ಲಿ,” ಎಂದಳು. “ಉಂಡ ಮ್ಯಾಲ ಹಿಡಕೊಂಡ ಹೋಗ್ರಿ.”

ಒಟಿಯೆನೊ ಜೋಳದ ರೊಟ್ಟಿಯನ್ನು ಮುರಿದು, ಎಣ್ಣಿಗಾಯಿ ಬದನೆಕಾಯಿ ಹಚ್ಚಿಕೊಂಡು, ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು ಉಂಡ. “ಅವ್ವಾರ, ಇನ್ನೊಂದ ಚೂರ ಹಿಂಡಿ ಹಾಕ್ರಿ. ಧಾರವಾಡದ ಖಾನಾವಳ್ಯಾಗ ಇಂದ್ರಾಬಾಯಿ ಅಂತ ಅದಾರ, ಅವರೂ ಛಲೋ ಮಾಡ್ತಾರ. ಆದ್ರ ಈ ರುಚಿ ಬರಂಗಿಲ್ಲ ಬಿಡ್ರಿ.” ಸಂಗವ್ವ ಎರಡು ಚೂರು ಹಾಕಿದಳು. ಅವಳ ಮಟ್ಟಿಗೆ ತನಿಖೆ ಅಲ್ಲಿಗೆ ಮುಗಿಯಿತು.

ಕಾಶಪ್ಪನ ತನಿಖೆ ಆಗ ಶುರುವಾಯಿತು. ನಾಟಕದ ಸಿಐಡಿಯ ಮಾತುಗಳನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದ.

“ಖರೇ ಹೇಳು. ನೀ ಯಾವ ದೇಶದ ಪರವಾಗಿ ಬಂದೀದಿ?”

ತುತ್ತು ಹಿಡಿದಿದ್ದ ಒಟಿಯೆನೊನ ಕಣ್ಣು ಮಿಂಚಿತು. ವಿಮರ್ಶೆ ಓದಿ ಈ ಮನುಷ್ಯನ ಹಾಸ್ಯಕ್ಕೆ ಮಾರುಹೋಗಿ ಇಷ್ಟು ದೂರ ಬಂದವನು ಅವನು. ಈಗ ಆ ಹಾಸ್ಯಗಾರ ಊಟಕ್ಕೆ ಕರೆದು ತನಗೊಬ್ಬನಿಗಾಗಿಯೇ ಆಟ ಕಟ್ಟುತ್ತಿದ್ದಾನೆ! ಅವನು ಕೂಡಲೇ ತಲೆ ತಗ್ಗಿಸಿ, ದನಿ ಇಳಿಸಿ ಹೇಳಿದ:

“ಸಿಕ್ಕಬಿದ್ದೆ ಸಾಹೇಬ್ರ. ಹೆಂಗ ಗೊತ್ತ ಹಿಡದ್ರಿ?”

“ಮಾರಿ ನೋಡಿ!”

“ನನಗ ಮೊದಲ ಸಂಶೇ ಇತ್ತು. ಮಾರಿ ಮನ್ಯಾಗ ಬಿಟ್ಟ ಬಾ ಅಂತ ನಮ್ಮ ಸರಕಾರ ಹೇಳಿತ್ತು. ನಾನ ಕೇಳಲಿಲ್ಲ.”

“ಎಲ್ಲಾನೂ ಒಪ್ಪಕೋತಿ?”

“ಒಪ್ಪಕೋತೇನಿ. ಕೈ ಕಟ್ರಿ.”

ಕಾಶಪ್ಪ ಅದೇ ಬಿಳಿ ಟವೆಲ್ಲಿನಿಂದ ಅವನ ಕೈ ಕಟ್ಟಿದ. ಗಂಟು ಸರಿಯಾಗಿ ಬೀಳದಿದ್ದಾಗ ಒಟಿಯೆನೊನೇ ಬೆರಳಿನಿಂದ ತುದಿ ಹಿಡಿದು ನೆರವಾದ. “ರೀ, ಹುಡುಗನ್ನ ಏನ ಮಾಡಾಕತ್ತೀರಿ!” ಎಂದು ಸಂಗವ್ವ ಕೂಗಿದರೆ, ಅವನೇ ಅವಳಿಗೆ ಕಣ್ಣು ಹೊಡೆದು, “ಇರ್ಲಿ ಬಿಡ್ರಿ ಅವ್ವಾರ, ಭಾಳ ಮಜಾ ಐತಿ,” ಎಂದ. ಸಂಗವ್ವ ಹಣೆ ಬಡಿದುಕೊಂಡಳು.

ಹೀಗೆ ಇಳಕಲ್ಲಿನ ಬಜಾರಿನಲ್ಲಿ ಆ ಮಧ್ಯಾಹ್ನ ಒಂದು ಮೆರವಣಿಗೆ ಹೊರಟಿತು. ಮುಂದೆ ಜುಬ್ಬಾ ತೊಟ್ಟ ಕಾಶಪ್ಪ, ಮುಖ ಸಿಂಡರಿಸಿಕೊಂಡು. ಹಿಂದೆ ಕಟ್ಟಿದ ಕೈಗಳನ್ನೆತ್ತಿ ಎಡಕ್ಕೂ ಬಲಕ್ಕೂ ನಮಸ್ಕಾರ ಮಾಡುತ್ತ ಒಟಿಯೆನೊ. ಇದು ಸಂಜೆಯ ನಾಟಕದ ಪ್ರಚಾರ ಎಂದು ಊರು ತಿಳಿಯಿತು. ಮಗ್ಗ ಬಿಟ್ಟು ನೇಕಾರರು ಬಂದರು. ಕಿರಾಣಿ ಅಂಗಡಿಯವರು ತಕ್ಕಡಿ ಬಿಟ್ಟು ಬಂದರು. “ಎಲ್ಲಿ ಸಿಕ್ಕನ್ರಿ ಕಾಶಪ್ಪಾರ?” “ನಮ್ಮ ಮನ್ಯಾಗ, ಊಟಾ ಮಾಡಾಕತ್ತಾಗ!” ಎಂದು ಅವನು ಗುಡುಗಿದಾಗಲೆಲ್ಲ ಚಪ್ಪಾಳೆ. ಠಾಣೆಯ ಮುಂದೆ ಬಂದಾಗ ಹವಾಲ್ದಾರ ಅಮಸಿದ್ದಪ್ಪ ಕಟ್ಟೆಯ ಮೇಲೆ ನಿಂತು ಸಲಾಮು ಹೊಡೆದು, “ಸಭಾಗೃಹಕ್ಕ ಒಯ್ರಿ, ನಾನೂ ಬಂದೆ!” ಎಂದು ಟೊಪ್ಪಿಗೆ ಹಾಕಿಕೊಂಡು ಮೆರವಣಿಗೆಗೆ ಸೇರಿದ. ಕಾನೂನೇ ಜೊತೆಗೆ ಬಂದ ಮೇಲೆ ಕಾಶಪ್ಪನ ಎದೆ ಇನ್ನೊಂದು ಗೇಣು ಉಬ್ಬಿತು.

ಸಭಾಗೃಹದ ಬಾಗಿಲಲ್ಲಿ ಮೀರಾಸಾಬ ಪರದೆ ಕಟ್ಟುತ್ತಿದ್ದ. ಗದ್ದಲ ಕೇಳಿ ತಿರುಗಿ ನೋಡಿದವನು ಏಣಿಯಿಂದ ಅರ್ಧ ಇಳಿದು ಅರ್ಧ ಬಿದ್ದು ಓಡಿ ಬಂದ.

“ಒಟ್ಟೆಣ್ಣವರ! ಬರ್ರಿ, ಬರ್ರಿ! ಸಂಜಿ ಬಸ್ಸಿಗೆ ಬರ್ತೀರಿ ಅಂದಿದ್ರಲ್ರಿ!” ಎಂದು ಅವನ ಕಟ್ಟಿದ ಕೈಗಳನ್ನೇ ಹಿಡಿದು ಅಲುಗಾಡಿಸಿದ. ಜನರ ಕಡೆ ತಿರುಗಿ ಹೇಳಿದ: “ಧಾರವಾಡದ ದಿನಪತ್ರಿಕೆಗೆ ನಾಟಕದ ವಿಮರ್ಶಾ ಬರಿಯಾವರು ಇವರ! ಇವರು ಛಲೋ ಅಂದ್ರ ನಾವು ಧಾರವಾಡಕ್ಕ ಹೊಂಟಂಗ! ಕಾಶಪ್ಪಾರ, ಎಂಥಾ ಸ್ವಾಗತ ಮಾಡಿದ್ರಿ! ವಿಮರ್ಶಕರನ್ನ ವಿಮರ್ಶಕರ ಕರಕೊಂಡ ಬಂದ್ರಿ!”

ಜನ ಕೇಕೆ ಹಾಕಿದರು. ಕಾಶಪ್ಪನ ಬಾಯಿ ತೆರೆದುಕೊಂಡಿತು, ಅದರಿಂದ ಏನೂ ಹೊರಡಲಿಲ್ಲ. ಅದನ್ನೂ ಜನ ಮೆಚ್ಚಿದರು.

ಆ ಸಂಜೆ ಮುಂದಿನ ಸಾಲಿನಲ್ಲಿ ಎರಡು ಕುರ್ಚಿಗಳಿದ್ದವು. ಒಟಿಯೆನೊ ಬರೆಯುತ್ತಿದ್ದ, ಕಣ್ಣು ಮಾತ್ರ ರಂಗದ ಮೇಲಿತ್ತು. ಕಾಶಪ್ಪನಿಗೆ ಬರೆಯುವುದು ಏನೂ ಇರಲಿಲ್ಲ. ಆದ್ದರಿಂದ ಅವನು ಮೊದಲ ಸಲ ನಾಟಕ ನೋಡಿದ.

ಬಂಡೆಪ್ಪ ಬಂದು ಮೀಸೆ ತಿರುವಿ “ಕರ್ರಗಿದ್ದಾಂವ ಕಳ್ಳ!” ಎಂದ. ಕಾಶಪ್ಪ ಬಂಡೆಪ್ಪನ ಮುಖ ನೋಡಿದ. ಬಂಡೆಪ್ಪ ಗುಂಗುರು ಕೂದಲಿನ ಬಳೆಗಾರನನ್ನು ಹಿಡಿದು, ಬಳೆಯ ಮಲಾರವನ್ನು ಕಸಿದು, ಹೆಗಲ ಮೇಲಿನ ವಸ್ತ್ರದಿಂದ ಅವನ ಕೈ ಕಟ್ಟಿದ. “ಹೆಂಗ ಗೊತ್ತ ಹಿಡದ್ರಿ?” ಎಂದು ಬಳೆಗಾರ ಅಳುತ್ತ ಕೇಳಿದ. “ಮಾರಿ ನೋಡಿ!” ಎಂದ ಬಂಡೆಪ್ಪ. ಸಭೆ ಸಿಡಿಯಿತು. ಕಡೆಯ ದೃಶ್ಯದಲ್ಲಿ ಯಾರೋ ಒಂದು ಕನ್ನಡಿ ತಂದು ಸಿಐಡಿಯ ಮುಂದೆ ಹಿಡಿದರು. “ಹಿಡೀರಿ ಇವನ್ನ! ಇಂವ ಕಳ್ಳ!” ಎಂದು ಅವನು ಕನ್ನಡಿಯೊಳಗಿನವನ ಮೇಲೆ ಹಾರಿದ.

ಪಕ್ಕದಲ್ಲಿ ಒಟಿಯೆನೊ ನಕ್ಕು ನಕ್ಕು ಕಣ್ಣೊರೆಸಿಕೊಂಡ. “ನೀವ್ಯಾಕ ನಗವಲ್ರಿ? ಓಹೋ, ನಕ್ಕವರನ್ನ ಹೊರಗ ಹಾಕಬೇಕಲ್ಲ!” ಎಂದು ಮೊಣಕೈಯಿಂದ ತಿವಿದ. ಕಾಶಪ್ಪನ ಕಿವಿ ಕಾದ ಹಂಚಿನ ಹಾಗಾಗಿದ್ದವು. ಅವನು ಯಾರಿಗೂ ಹೇಳದೆ ಎದ್ದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸು ನಿಂತಿತ್ತು. ಒಟಿಯೆನೊ ಕಿಟಕಿಯ ಪಕ್ಕ ಕೂತಿದ್ದ. ಕಾಶಪ್ಪ ಜುಬ್ಬಾ ಹಾಕಿರಲಿಲ್ಲ. ಸಂಗವ್ವ ಕೊಟ್ಟ ಬುತ್ತಿಯ ಗಂಟನ್ನು ಕಿಟಕಿಯಿಂದ ಕೊಟ್ಟು, ಸರಳನ್ನು ಹಿಡಿದುಕೊಂಡೇ ನಿಂತ.

“ಒಂದ ಮಾತ ಹೇಳಬೇಕಿತ್ರಿ.”

“ಹೇಳ್ರಿ ಕಾಶಪ್ಪಾರ.”

“ನಿನ್ನೆ ನಾ ಚಾಷ್ಟಿ ಮಾಡಲಿಲ್ರಿ. ಖರೇನ ಹಿಡದಿದ್ದೆ. ವಿಮರ್ಶಾನೂ ಖರೇನ ಬರದಿದ್ದೆ. ನೀವು ಮಾರಿ ತೊಳಕೊಂಡ ಮ್ಯಾಲ ಟವೆಲ್ ನೋಡಿದೆ. ಬಣ್ಣ ಹತ್ತೇತೇನು ಅಂತ.”

ಒಟಿಯೆನೊ ನಗಲು ಹೊರಟವನು ಕಾಶಪ್ಪನ ಕಣ್ಣು ನೋಡಿ ತಡೆದುಕೊಂಡ. ಕಂಡಕ್ಟರ್ ಬಸ್ಸಿನ ಮೇಲೆ ಸಾಮಾನು ಏರಿಸುತ್ತಿದ್ದ.

“ಧಾರವಾಡಕ್ಕ ಹೊಸದಾಗಿ ಬಂದಾಗ ಮಂದಿ ನನ್ನ ಕೈ ತಿಕ್ಕಿ ನೋಡ್ತಿದ್ರು,” ಎಂದ ಒಟಿಯೆನೊ. “ಬಸ್ಸಿನ್ಯಾಗ ಬಾಜೂಕ ಯಾರೂ ಕೂಡತಿರಲಿಲ್ಲ. ನಿನ್ನೆ ನೀವು ಕೈ ಕಟ್ಟಿದಾಗ ನಾ ಏನ ತಿಳದಿದ್ದೆ ಗೊತ್ತೇನ್ರಿ? ಇಷ್ಟ ವರ್ಷಕ್ಕ ಒಬ್ಬಾಂವ ನನ್ನ ಬಣ್ಣದ ಮ್ಯಾಲ ನನ್ನ ಜೋಡೀನ ಕೂಡಿ ನಗಾಕತ್ತಾನ ಅಂತ.”

“ತಪ್ಪಾತ್ರಿ,” ಎಂದ ಕಾಶಪ್ಪ. ಪತ್ರಿಕೆಯ ಭಾಷೆಯಲ್ಲಿ ಇನ್ನೂ ಏನೇನೋ ಹೇಳಬೇಕೆಂದು ಬಂದಿದ್ದ. ಒಂದೂ ನೆನಪಾಗಲಿಲ್ಲ.

“ಅದು ಚಾಷ್ಟಿ ಇದ್ರ ಛಲೋ ಇತ್ತು,” ಎಂದ ಒಟಿಯೆನೊ. ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ. “ಆದ್ರ ಬಂದು ಹೇಳಿದ್ರಲ್ಲ. ಮಂದಿ ಹೇಳಂಗಿಲ್ರಿ.” ಬಸ್ಸು ಹೊರಟಿತು.

ಮುಂದಿನ ಭಾನುವಾರ ಧಾರವಾಡದ ಪತ್ರಿಕೆಯ ಕಟ್ಟು ಬಸ್ಸಿನ ಮೇಲಿಂದ ಇಳಿಯಿತು. ಬಿಚ್ಚಿದ ಕೂಡಲೇ ಕಾಶಪ್ಪನಿಗೆ ಕಂಡಿತು, ‘ಇಳಕಲ್ಲಿನ ನಾಟಕ’ ಎಂಬ ತಲೆಬರಹ. ಓದುವ ಧೈರ್ಯವಾಗದೆ ಕಟ್ಟನ್ನು ಮತ್ತೆ ಸುತ್ತಿ, ಹಲಗೆಯ ಕೆಳಗೆ ತಳ್ಳಿ, ಅದರ ಮೇಲೆ ತಾನು ಕೂತ. ಇಳಕಲ್ಲಿಗೆ ಆ ಪತ್ರಿಕೆ ಬರುವುದು ಅವನೊಬ್ಬನಿಂದಲೇ. ಅವನು ಏಳದಿದ್ದರೆ ಊರಿಗೆ ಏನೂ ತಿಳಿಯುವಂತಿರಲಿಲ್ಲ. ಗಿರಾಕಿಗಳು ಬಂದರು. “ಇವತ್ತ ಬಂದಿಲ್ಲ,” ಎಂದ. ಆಮೇಲೆ ಮೀರಾಸಾಬ ಬಂದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು, ಕಿವಿಯ ಮೇಲೆ ಸೀಮೆಸುಣ್ಣ.

“ಬಂತೇನ್ರಿ ಕಾಶಪ್ಪಾರ?”

ಕಾಶಪ್ಪ ಅವನ ಮುಖ ನೋಡಿದ. ಎದ್ದ. ಕಟ್ಟನ್ನು ಎಳೆದು ಅವನ ಕೈಗೆ ಕೊಟ್ಟ.

ಸುದ್ದಿ ಹಬ್ಬಿ ಗುಂಪು ಸೇರಿತು. ದನಿ ದೊಡ್ಡದಿದ್ದುದರಿಂದ ಹವಾಲ್ದಾರ ಅಮಸಿದ್ದಪ್ಪನೇ ಕಟ್ಟೆ ಹತ್ತಿ ಓದಿದ. ಒಟಿಯೆನೊ ನಾಟಕವನ್ನು ಬಾಯ್ತುಂಬ ಹೊಗಳಿದ್ದ. ಮೀರಾಸಾಬ ನಗಿಸುತ್ತಲೇ ಪ್ರೇಕ್ಷಕನ ಕೈಗೆ ಕನ್ನಡಿ ಕೊಡುತ್ತಾನೆ ಎಂದಿದ್ದ. ಬಂಡೆಪ್ಪನಂಥ ನಟ ದೊಡ್ಡ ಊರುಗಳಲ್ಲೂ ಅಪರೂಪ ಎಂದಿದ್ದ. ಮಾವನ ದೃಶ್ಯ ತುಸು ಉದ್ದವಾಯಿತು, ಗೂಢಚಾರನ ಸೂಟು ಸಡಿಲವಾಗಿತ್ತು ಎಂದೂ ಬರೆದಿದ್ದ. (“ಸೂಟು ನಾನ ಹೊಲದದ್ದು, ಖರೇ ಐತಿ,” ಎಂದ ಮೀರಾಸಾಬ ಅಳುತ್ತ ನಗುತ್ತ.) ಧಾರವಾಡದವರು ಈ ನಾಟಕವನ್ನು ತಪ್ಪದೆ ಕರೆಸಬೇಕು ಎಂದಿದ್ದ. ಕಡೆಯ ಸಾಲುಗಳನ್ನು ಅಮಸಿದ್ದಪ್ಪ ನಿಧಾನವಾಗಿ ಓದಿದ:

‘ಮುಖ ನೋಡಿ ಮನುಷ್ಯನನ್ನು ಹಿಡಿಯುವ ಇಂಥ ಸಿಐಡಿ ನಿಜ ಜೀವನದಲ್ಲಿ ಇರಲಾರ, ಇದು ಅತಿಶಯೋಕ್ತಿ ಎಂದು ಕೆಲವರು ಹೇಳಬಹುದು. ನಾನು ಹೇಳಲಾರೆ. ನಾನು ಅವನ ಮನೆಯಲ್ಲಿ ಊಟ ಮಾಡಿದ್ದೇನೆ. ತಪ್ಪು ತಿಳಿದಾಗ ಬಸ್ಸಿನ ತನಕ ಬಂದು ಹೇಳಿದವನೂ ಅವನೇ.’

ಗುಂಪಿನವರೆಲ್ಲ ಒಟ್ಟಿಗೆ ಕೇಳಿದರು: “ಯಾರ್ರಿ ಅಂವ?” ಒಬ್ಬರು ಬಾಗಲಕೋಟೆಯವನಿರಬೇಕು ಎಂದರು, ಇನ್ನೊಬ್ಬರು ಹುನಗುಂದದ ಯಾರೋ ಅಧಿಕಾರಿ ಎಂದರು.

ಕಾಶಪ್ಪ ಹಲಗೆಯ ಮೇಲೆ ಎದ್ದು ನಿಂತ.

“ನಾನ ಅಂವ,” ಎಂದ ದೊಡ್ಡ ದನಿಯಲ್ಲಿ. “ಖರೇನ ಹಿಡದಿದ್ದೆ. ನನಗ ನಾಟಕಾನ ತಿಳದಿರಲಿಲ್ಲ.”

ಬಸ್ ನಿಲ್ದಾಣ ಒಂದು ಕ್ಷಣ ಅವನನ್ನೇ ನೋಡಿತು. ಆಮೇಲೆ ಅಮಸಿದ್ದಪ್ಪ ಪತ್ರಿಕೆಯಿಂದ ಮುಖ ಮುಚ್ಚಿಕೊಂಡ, ಅವನ ಹೊಟ್ಟೆ ಕುಣಿಯತೊಡಗಿತು, “ಶುರು ಮಾಡಿದ್ರ ನೋಡ್ರಿ ಮತ್ತ!” ಎಂದು ಯಾರೋ ಕೂಗಿದರು. ನಗು ನಿಲ್ದಾಣದ ಈ ತುದಿಯಿಂದ ಆ ತುದಿಗೆ ಹಬ್ಬಿತು. ಮೀರಾಸಾಬ ಓಡಿ ಬಂದು ಕಾಶಪ್ಪನನ್ನು ಅಪ್ಪಿಕೊಂಡ.

“ಖರೇ ಹೇಳಾಕತ್ತೇನ್ರಪ್ಪಾ!” ಎಂದು ಕಾಶಪ್ಪ ಎರಡೂ ಕೈ ಎತ್ತಿ ಕೂಗಿದ.

“ಆ ಮಾರಿ ನೋಡ್ರಲೇ, ಆ ಮಾರಿ!” ಎಂದು ಜನ ಇನ್ನೂ ಜೋರಾಗಿ ನಕ್ಕರು.